ಮೂರು ನೆಟ್ಟಿನ ಶ್ರಾದ್ಧ

ಪುಣೆಯ ಧನಕವಡಿಯ ಬಿಂದುಮಾಧವ ಗಲಗಲಿಯವರ ಮನೆಗೆ ಯಾರೇ ಹೋಗಲಿ, ಚಹಾ ಬರುವುದಕ್ಕೆ ಮೊದಲು ಅವರ ಕಂಪ್ಯೂಟರಿನ ದರ್ಶನ ಆಗಲೇಬೇಕಿತ್ತು. ಅದೇನು ಹೊಸದಲ್ಲ. ಅವರು ಲೆಕ್ಕಪತ್ರದ ಕೆಲಸ ಮಾಡುವ ರಾಂಜಣಗಾಂವದ ಕಾರಖಾನೆಯವರು ಹಳೆಯ ಯಂತ್ರಗಳನ್ನು ಮೂಲೆಗೆ ಹಾಕಿದಾಗ ಇವರು ಒಂದನ್ನು ಬೇಡಿ ತಂದು ಪಡಸಾಲೆಯಲ್ಲಿ ಪ್ರತಿಷ್ಠಾಪನೆ ಮಾಡಿದ್ದರು. ಅದರ ಗುಂಡಿ ಒತ್ತಿ ಪರದೆ ಬೆಳಗುವಷ್ಟರಲ್ಲಿ ಅವರ ಹೆಂಡತಿ ನರ್ಮದಾಬಾಯಿ ಕುಕ್ಕರ್ ಇಳಿಸಿ, ಸಾರಿಗೆ ಒಗ್ಗರಣೆಯನ್ನೂ ಹಾಕಿ ಮುಗಿಸಿರುತ್ತಿದ್ದರು.

ಆದರೆ ಬಿಂದುಮಾಧವರ ಹೆಮ್ಮೆ ಇದ್ದದ್ದು ಯಂತ್ರದ ಮೇಲಲ್ಲ, ಅದಕ್ಕಿದ್ದ ಮೂರು ನೆಟ್ಟುಗಳ ಮೇಲೆ. ಒಂದು, ಗೋಡೆಯ ತೂತಿನಿಂದ ಬಂದ ಕೇಬಲ್ಲಿನದು. ಇನ್ನೊಂದು, ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದ್ದ ಡೊಂಗಲ್. ಮತ್ತೊಂದು, ಕೆಳಗಿನ ಮನೆಯ ಪೂರ್ವಾಬಾಯಿಯ ವೈಫೈ. ನರ್ಮದಾಬಾಯಿಯಿಂದ ಹೆಪ್ಪಿಗೆ ಮೊಸರು ಒಯ್ಯುವ ಆ ಹೆಣ್ಣುಮಗಳು ಪ್ರತಿಯಾಗಿ ತನ್ನ ಪಾಸ್‌ವರ್ಡ್ ಕೊಟ್ಟಿದ್ದಳು. ನಗರದಲ್ಲಿ ದೊಡ್ಡ ದೊಡ್ಡ ಸಾಹೇಬರಿಗೂ ಒಂದೇ ನೆಟ್ಟು ಇರುವಾಗ ತನಗೆ ಮೂರು ಇದೆ ಎಂಬುದು ಬಿಂದುಮಾಧವರನ್ನು ನೆಲದಿಂದ ತುಸು ಮೇಲೆಯೇ ನಡೆಸುತ್ತಿತ್ತು. ಪರದೆಯ ಮೂಲೆಯಲ್ಲಿ ಒಂದು ಕಡೆ ಒತ್ತಿದರೆ ಕೇಬಲ್, ಇನ್ನೊಂದು ಕಡೆ ಒತ್ತಿದರೆ ಡೊಂಗಲ್. ಬಂದವರ ಮುಂದೆ ಹೀಗೆ ಬದಲಿಸಿ ಬದಲಿಸಿ ತೋರಿಸುವರು. ಬಂದವರು ತಲೆಯಾಡಿಸಿ ಚಹಾದ ದಾರಿ ನೋಡುವರು.

ಮೇಲಿನ ಮಹಡಿಯ ಶ್ರೀನಾಥ್ ಮಾತ್ರ ತಲೆಯಾಡಿಸಲಿಲ್ಲ. ಅವನು ಕೋಲಾರದ ಕಡೆಯವನು, ಐಟಿ ಕಂಪನಿಯಲ್ಲಿ ಕೆಲಸ.

“ಅಂಕಲ್, ಒಂದನ್ನ ಡಿಸ್‌ಕನೆಕ್ಟ್ ಮಾಡಿ, ಆಮೇಲೆ ಇನ್ನೊಂದು ಕನೆಕ್ಟ್ ಮಾಡಿ. ಎರಡೂ ಒಟ್ಟಿಗೆ ಹಿಡ್ಕೊಂಡ್ರೆ ಈ ಓಲ್ಡ್ ಸಿಸ್ಟಮ್ ಕನ್‌ಫ್ಯೂಸ್ ಆಗುತ್ತೆ. ಹ್ಯಾಂಗ್ ಆಗ್ಬಿಡುತ್ತೆ,” ಅಂದ.

“ನಮ್ಮ ಕಂಪ್ಯೂಟರ್ ಕನ್‌ಫ್ಯೂಸ್ ಆಗೂದಿಲ್ಲಪಾ. ನನ್ನ ಕೈಯಾಗ ಪಳಗೇದ ಅದು,” ಎಂದರು ಬಿಂದುಮಾಧವರು.

ಪಳಗಿದ ಕಂಪ್ಯೂಟರಿಗೆ ಇನ್ನೊಂದು ಚಟವೂ ಇತ್ತು. ಗಣಪತಿ ಹಬ್ಬದಲ್ಲಿ ತಮ್ಮ ಕಟ್ಟಡದ ಸೊಸೈಟಿಯ ಆರತಿಯನ್ನು ಪೂರ್ವಾಬಾಯಿಯ ದೊಡ್ಡ ಟಿವಿಯಲ್ಲಿ ತೋರಿಸಲೆಂದು ಬಿಂದುಮಾಧವರು ಅದನ್ನು ಆ ಟಿವಿಗೆ ಜೋಡಿಸಿದ್ದರು. ಅಂದಿನಿಂದ ಪೂರ್ವಾಬಾಯಿಯ ವೈಫೈ ಹಿಡಿದಾಗಲೆಲ್ಲ ಅದು ಯಾರೂ ಹೇಳದಿದ್ದರೂ ತನ್ನ ಪರದೆಯನ್ನು ಅವಳ ಟಿವಿಗೆ ಕಳಿಸಿಬಿಡುತ್ತಿತ್ತು. ಅವಳು ಸೋಲಾಪುರದವಳು, ಅರ್ಧ ಮರಾಠಿ ಅರ್ಧ ಕನ್ನಡ. “ಕಾಕಾ, ನಿಮ್ಮ ಜಿಎಸ್‌ಟಿ ನಮ್ಮ ಟಿವಿ ಒಳಗ ಬರಾಕ ಹತ್ಯದ ಬಘಾ,” ಎಂದು ಎಷ್ಟೋ ಸಲ ಹೇಳಿದ್ದಳು. ಬಿಂದುಮಾಧವರು ನಕ್ಕು ಸುಮ್ಮನಾಗಿದ್ದರು. ತನ್ನ ಲೆಕ್ಕವನ್ನು ಯಾರೋ ಒಬ್ಬರು ನೋಡುತ್ತಾರಲ್ಲ ಎಂದು ಒಳಗೊಳಗೆ ಅವರಿಗೆ ಸಂತೋಷವೇ ಆಗಿರಬೇಕು ಎಂದು ನನ್ನ ಗುಮಾನಿ.

ಇಂಥ ಯಂತ್ರದ ಮೇಲೆ ಭರವಸೆಯಿಟ್ಟು ಅವರು ತಂದೆಯ ಶ್ರಾದ್ಧಕ್ಕೆ ಕೈಹಾಕಿದರು.

ಬಿಂದುಮಾಧವರಿಗೆ ಒಬ್ಬ ಅಣ್ಣ, ಋಷಿಕೇಶರಾಯರು. ಬೆಳಗಾವಿಯಲ್ಲಿ ವಕೀಲರು. ತಂದೆ ಶಾಮರಾಯರು ತೀರಿಕೊಂಡ ಮೇಲೆ ಶ್ರಾದ್ಧ ಅಣ್ಣನ ಮನೆಯಲ್ಲೇ ನಡೆಯುತ್ತಿತ್ತು, ತಮ್ಮ ಪುಣೆಯಿಂದ ಹೋಗಿ ಕೂಡುತ್ತಿದ್ದ. ಹೋಗುವುದು ಪ್ರತಿ ಸಲವೂ ತಡ. ಒಂದು ಸಲ ಎಲೆ ಎತ್ತುವ ಹೊತ್ತಿಗೆ ಹೋಗಿ ನಿಂತಾಗ ಅಣ್ಣ ನಾಲ್ಕು ಮಂದಿಯ ಎದುರಿಗೆ, “ಅಪ್ಪ ಉಂಡು ಕೈ ತೊಳಕೊಂಡ ಮ್ಯಾಲೆ ಇವ ಬರ್ತಾನ. ಇವನ ನಂಬಿ ಕೂತ್ರ ಅಪ್ಪಗ ಉಪವಾಸನ ಗತಿ,” ಎಂದುಬಿಟ್ಟರು. ಬಿಂದುಮಾಧವರು ಊಟ ಮಾಡದೆ ತಿರುಗಿ ಬಂದರು. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಇನ್ನು ಮುಂದೆ ಅಪ್ಪನಿಗೆ ನನ್ನ ಮನೆಯಲ್ಲೇ ಬೇರೆ ಎಲೆ ಎಂದು ಬಿಂದುಮಾಧವರು ಸಾರಿದರು. ಬೇರೆಯಾದ ಅಣ್ಣತಮ್ಮಂದಿರು ಬೇರೆ ಬೇರೆ ಶ್ರಾದ್ಧ ಮಾಡುವುದು ಇದ್ದದ್ದೇ.

ಆದರೆ ಮಂತ್ರ ಹೇಳುವವರು ಯಾರು? ಪುಣೆಯ ಪುರೋಹಿತರು ಮಂತ್ರಕ್ಕೆ ಮರಾಠಿ ರಾಗ ಹಾಕುತ್ತಾರೆ, ಅಪ್ಪನಿಗೆ ತಿಳಿಯುವುದಿಲ್ಲ ಎಂಬುದು ಬಿಂದುಮಾಧವರ ಆತಂಕ. ಬೆಳಗಾವಿಯ ಗುಂಡಾಚಾರ್ಯರೇ ಬೇಕು. ಆ ದಿನ ಗುಂಡಾಚಾರ್ಯರು ಅಣ್ಣನ ಮನೆಯಲ್ಲಿ. ಕೊನೆಗೆ ಆಚಾರ್ಯರೇ ದಾರಿ ಹುಡುಕಿದರು. ಅವರು ಕೂಡುವುದು ಅಣ್ಣನ ಮನೆಯಲ್ಲಿ. ಎದುರಿಗೆ ತಂಬಿಗೆಗೆ ಫೋನು ಆನಿಸಿ ಇಡುವುದು. ಬೆಳಗಾವಿಯಲ್ಲಿ ಅಣ್ಣ, ಪುಣೆಯ ಪರದೆಯಲ್ಲಿ ತಮ್ಮ, ಮಂತ್ರ ಮಾತ್ರ ಒಂದೇ. ಋಷಿಕೇಶರಾಯರು ಒಪ್ಪಿದರು. ಒಂದೇ ಕರಾರು, ತಾವು ಫೋನಿನ ಕಡೆ ನೋಡುವುದಿಲ್ಲ, ಮಾತಾಡುವುದಂತೂ ಇಲ್ಲ.

“ಆ ಡಬ್ಬಿ ನಂಬಿ ಶ್ರಾದ್ಧ ಮಾಡ್ತಾನಂತ? ಮುಗಿಸಲಿ ನೋಡೋಣ,” ಎಂದು ಆಚಾರ್ಯರ ಮುಂದೆ ಅಂದರಂತೆ. ಆಚಾರ್ಯರು ಅದನ್ನು ಮರೆಯದೆ ಪುಣೆಗೆ ಮುಟ್ಟಿಸಿದರು.

ಮುಟ್ಟಿಸಿದ ಮೇಲೆ ಬಿಂದುಮಾಧವರಿಗೆ ನಿದ್ದೆ ಇಲ್ಲ. ಮಧ್ಯಾಹ್ನದ ಹೊತ್ತು ಮೀರುವುದರೊಳಗೆ ಬ್ರಾಹ್ಮಣರು ಉಣ್ಣಬೇಕು, ಅಪ್ಪನಿಗೆ ಮುಟ್ಟಬೇಕು. ಮುಟ್ಟದಿದ್ದರೆ ಅಪ್ಪ ಪುಣೆಯ ಮಗನ ಮನೆಯಿಂದ ಹಸಿದು ಹೋದ ಹಾಗೆ. ಅಣ್ಣನ ಮಾತು ಖರೆಯಾದ ಹಾಗೆ.

ತಯಾರಿ ಜೋರಾಗಿ ನಡೆಯಿತು. ಸದಾಶಿವ ಪೇಠದ ಇಬ್ಬರು ಬ್ರಾಹ್ಮಣರಿಗೆ ಹೇಳಿದ್ದಾಯಿತು, ಸಂಕಲ್ಪ ಮುಗಿಯುವ ಹೊತ್ತಿಗೆ ಬರುವುದಾಗಿ ಒಪ್ಪಿದರು. ತೊಡಕು ಬಂದದ್ದು ಮಡಿಯಲ್ಲಿ. ಒದ್ದೆ ಧೋತರ ಉಟ್ಟು ಮಡಿಯಲ್ಲಿ ಕೂತ ಮನುಷ್ಯ ಕಂಪ್ಯೂಟರ್ ಮುಟ್ಟುವ ಹಾಗಿಲ್ಲ. ನೆಟ್ಟು ಕೈಕೊಟ್ಟರೆ ಬದಲಿಸುವುದು ಹೇಗೆ? ನರ್ಮದಾಬಾಯಿ ವಿಚಾರ ಮಾಡಿ ಹಳೆಯ ರೇಷ್ಮೆ ಮಗುಟದ ತುಂಡನ್ನು ಕತ್ತರಿಸಿ ಮೌಸಿಗೆ ಒಂದು ಅಂಗಿ ಹೊಲಿದರು. ರೇಷ್ಮೆಗೆ ಮೈಲಿಗೆ ಇಲ್ಲ.

“ಕೀಬೋರ್ಡಿಗೂ ಒಂದು ಹೊಲಿ,” ಎಂದರು ಬಿಂದುಮಾಧವರು.

“ಅಷ್ಟು ಅರಿವಿ ಇಲ್ಲ. ಉಳದದ್ದು ನನ್ನ ಮಡಿ ಸೀರಿ. ಅದನ್ನೂ ಹರದು ಅದಕ್ಕ ಉಡಸ್ಲೇನು?”

ಕೀಬೋರ್ಡು ಮೈಲಿಗೆಯಲ್ಲೇ ಉಳಿಯಿತು. ಫೋನುಗಳಿಗೂ ಅಂಗಿ ಇಲ್ಲದ್ದರಿಂದ ಎರಡನ್ನೂ ಬಂದ್ ಮಾಡಿ ಕಪಾಟಿನಲ್ಲಿ ಇಟ್ಟರು. ಇದೊಂದು ಕೆಲಸವನ್ನು ಅವರು ಮಾಡದಿದ್ದರೆ ನಾನು ಹೇಳಲು ಹೊರಟಿರುವುದರಲ್ಲಿ ಅರ್ಧ ನಡೆಯುತ್ತಲೇ ಇರಲಿಲ್ಲ.

ಶ್ರಾದ್ಧದ ದಿನ ಎಲ್ಲವೂ ಚೆನ್ನಾಗಿಯೇ ಶುರುವಾಯಿತು. ನರ್ಮದಾಬಾಯಿ ಒಳಗೆ ಮಡಿಯಲ್ಲಿ ಅಡಿಗೆಗೆ ನಿಂತರು. ಬಿಂದುಮಾಧವರು ಬರಿಮೈಯಲ್ಲಿ, ಗೋಪಿಚಂದನ ಹಚ್ಚಿಕೊಂಡು, ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು ಕಂಪ್ಯೂಟರಿನ ಎದುರು ನೆಲದ ಮೇಲೆ ಕೂತರು. ಸೊಂಟನೋವು ಇದ್ದುದರಿಂದ ಬೆನ್ನು ಗೋಡೆಗೆ. ಪರದೆಯ ಒಂದು ಕಡೆ ಗುಂಡಾಚಾರ್ಯರು, ಅವರ ಪಕ್ಕದಲ್ಲಿ ಮುಖ ಆಚೆ ತಿರುಗಿಸಿ ಕೂತ ಅಣ್ಣ. ಇನ್ನೊಂದು ಕಡೆ ಸ್ವತಃ ಬಿಂದುಮಾಧವರು.

ಸಂಕಲ್ಪದ ನಡುವೆ ಕೇಬಲ್ ಕೈಕೊಟ್ಟಿತು. ಆಚಾರ್ಯರ ಬಾಯಿ ತೆರೆದಲ್ಲೇ ನಿಂತಿತು. ಬಿಂದುಮಾಧವರಿಗೆ ಗಾಬರಿಯಾಗಲಿಲ್ಲ, ಇದಕ್ಕೆಂದೇ ಅಲ್ಲವೆ ಅವರು ಮೂರು ನೆಟ್ಟು ಕಟ್ಟಿದ್ದು. ರೇಷ್ಮೆ ಉಟ್ಟ ಮೌಸನ್ನು ಎರಡು ಬೆರಳಲ್ಲಿ ಹಿಡಿದು ಪೂರ್ವಾಬಾಯಿಯ ವೈಫೈ ಮೇಲೆ ಒತ್ತಿದರು. ಶ್ರೀನಾಥ್ ಹೇಳಿದಂತೆ ಮೊದಲು ಕೇಬಲ್ಲನ್ನು ಬಿಡಿಸುವುದನ್ನು ಮಾತ್ರ ಮರೆತರು. ಆಚಾರ್ಯರ ಬಾಯಿ ಮತ್ತೆ ಆಡತೊಡಗಿತು.

“ಈಗ ಕಣ್ಣು ಮುಚ್ಚರಿ. ತಂದಿ, ಅಜ್ಜ, ಮುತ್ತಜ್ಜ ಮೂವರನ್ನೂ ಧ್ಯಾನಿಸರಿ. ನಾ ತೆಗೀರಿ ಅನ್ನೂತನಕ ಕಣ್ಣು ತೆಗೀಬ್ಯಾಡ್ರಿ. ಏನರೆ ಆಗಲಿ, ತೆಗೀಬ್ಯಾಡ್ರಿ.”

ಬಿಂದುಮಾಧವರು ಕಣ್ಣು ಮುಚ್ಚಿದರು. ಆಚಾರ್ಯರು ಮೂವರ ಹೆಸರನ್ನೂ ಹೇಳತೊಡಗಿದರು. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ. ಬಿಂದುಮಾಧವರ ಅಜ್ಜನ ಹೆಸರೂ ಬಿಂದುಮಾಧವರಾಯರೇ. ಆಚಾರ್ಯರು ಅಪ್ಪನನ್ನು ಮುಗಿಸಿ ಅಜ್ಜನ ಹೆಸರಿಗೆ ಬಂದಾಗ, ಕೇಬಲ್ಲನ್ನೂ ಬಿಡಲಾರದೆ ವೈಫೈಯನ್ನೂ ಬಿಡಲಾರದೆ ಒದ್ದಾಡುತ್ತಿದ್ದ ಕಂಪ್ಯೂಟರ್ ಅಲ್ಲೇ ಹ್ಯಾಂಗ್ ಆಯಿತು. ಮೇಜಿನ ಮೇಲಿನ ಸ್ಪೀಕರಿನಿಂದ ಒಂದು ಸದ್ದೂ ಇಲ್ಲ. ಆಚಾರ್ಯರು ಮೌನಧ್ಯಾನಕ್ಕೆ ಬಿಟ್ಟಿದ್ದಾರೆ ಎಂದುಕೊಂಡು ಬಿಂದುಮಾಧವರು ಕಣ್ಣನ್ನು ಇನ್ನಷ್ಟು ಬಿಗಿದರು.

ಸದ್ದೆಲ್ಲ ಕೆಳಗೆ ಹೋಗಿತ್ತು.

ಪೂರ್ವಾಬಾಯಿ ಕೆಳಗೆ ಮಟಕಿ ಕಾಳು ಆರಿಸುತ್ತ ತನ್ನ ಧಾರಾವಾಹಿ ನೋಡುತ್ತ ಕೂತಿದ್ದಳು. ಅತ್ತೆ ಸೊಸೆಗೆ ಏನೋ ಅನ್ನಬೇಕು ಅನ್ನುವಷ್ಟರಲ್ಲಿ ಟಿವಿಯ ತುಂಬ ಬಿಂದುಮಾಧವರು ಬಂದರು. ಬರಿಮೈ. ಕಣ್ಣು ಮುಚ್ಚಿದೆ. ಬಾಯಿ ಅರ್ಧ ತೆರೆದಿದೆ. ಕುತ್ತಿಗೆ ಒಂದು ಕಡೆ ವಾಲಿದೆ. ಮಿಸುಕಾಡುತ್ತಿಲ್ಲ. ಪಕ್ಕದಲ್ಲಿ ಎಳ್ಳು, ದರ್ಭೆ, ಒಬ್ಬ ಭಟ್ಟರು. ಟಿವಿಯಿಂದ ಆ ಭಟ್ಟರ ಧ್ವನಿ ಒಂದೇ ಕಡೆ ಸಿಕ್ಕಿಕೊಂಡು ಹೇಳುತ್ತಿತ್ತು: “ಬಿಂದುಮಾಧವ ಶರ್ಮಣಃ... ಬಿಂದುಮಾಧವ ಶರ್ಮಣಃ... ಬಿಂದುಮಾಧವ ಶರ್ಮಣಃ...”

ಪೂರ್ವಾಬಾಯಿಯ ತೊಡೆಯ ಮೇಲಿನ ಮಟಕಿಯೆಲ್ಲ ನೆಲದ ಪಾಲಾಯಿತು. ಬೆಳಿಗ್ಗೆ ಹಾಲಿನವನ ಹತ್ತಿರ ನಿಂತು ಮಾತಾಡಿದ ಮನುಷ್ಯ. ಫೋನು ಮಾಡಿದಳು, ಬಂದ್. ನರ್ಮದಾಬಾಯಿಗೆ ಮಾಡಿದಳು, ಅದೂ ಬಂದ್. ಆಗ ಅವಳಿಗೆ ಸಂಶಯ ಉಳಿಯಲಿಲ್ಲ. ಕ್ಯಾಂಪಿನಲ್ಲಿ ಅಂಗಡಿ ಇಟ್ಟಿದ್ದ ಗಂಡ ಸುಖೇಶನಿಗೆ ಅಳುತ್ತ ತಿಳಿಸಿದಳು. ಅವನು ದಂಗಾಗಿ ಸೊಸೈಟಿಯ ಗ್ರೂಪಿನಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಹಾಕಿದ. ಗಣಪತಿ ಹಬ್ಬದಲ್ಲಿ ಆರತಿ ತಟ್ಟೆ ಹಿಡಿದಿದ್ದ ಬಿಂದುಮಾಧವರ ಫೋಟೋ ಅವನ ಹತ್ತಿರ ಇತ್ತು, ಅದನ್ನೂ ಹಾಕಿದ. ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಸೊಸೈಟಿಯಲ್ಲೇ ಇದ್ದ ರಾಂಜಣಗಾಂವದ ಸಹೋದ್ಯೋಗಿಯೊಬ್ಬರು ಅದನ್ನು ಕಾರಖಾನೆಗೆ ದಾಟಿಸಿದರು. ಅಲ್ಲಿ ಊಟದ ಹೊತ್ತಿಗೆ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರಂತೆ. ನಾಳೆ ನಿವೃತ್ತಿಯಾಗುವ ದಿನವೂ ಬಿಂದುಮಾಧವರಿಗೆ ಅಷ್ಟು ಗೌರವ ಸಿಗುತ್ತಿತ್ತೋ ಇಲ್ಲವೋ.

ಗೇಟಿನ ವಾಚಮನ್ ಕೂಡ ಗ್ರೂಪಿನಲ್ಲಿದ್ದ. ಸದಾಶಿವ ಪೇಠದ ಇಬ್ಬರು ಬ್ರಾಹ್ಮಣರು ಸ್ಕೂಟರಿನ ಮೇಲೆ ಬಂದು ಗಲಗಲಿಯವರ ಮನೆ ಯಾವುದೆಂದು ಕೇಳಿದಾಗ ಅವನು ಟೋಪಿ ತೆಗೆದು, ಸಾಹೇಬರು ಆಗಲೇ ಹೋದರು ಎಂದು ಮೇಲೆ ಕೈ ತೋರಿಸಿದ. ಊಟಕ್ಕೆ ಬಂದವರು ಸಾವಿನ ಮನೆಯ ಗೇಟಿನಲ್ಲಿ ನಿಂತಿದ್ದರು. ಸ್ಕೂಟರ್ ಬಂದ್ ಕೂಡ ಆಗಿರಲಿಲ್ಲ, ಹಾಗೇ ತಿರುಗಿತು.

ಮೇಲೆ ಬಿಂದುಮಾಧವರು ಧ್ಯಾನದಲ್ಲಿದ್ದರು. ಅಪ್ಪನನ್ನು ನೆನೆದರು, ಅಜ್ಜನನ್ನು ನೆನೆದರು, ಮುತ್ತಜ್ಜನ ಮುಖ ಗೊತ್ತಿಲ್ಲದ್ದರಿಂದ ಅಪ್ಪನಿಗೇ ಒಂದು ಗಡ್ಡ ಹಚ್ಚಿ ನೆನೆದರು. ಆಚಾರ್ಯರ ಅಪ್ಪಣೆ ಬರಲೇ ಇಲ್ಲ.

ಬಂದದ್ದು ಪೂರ್ವಾಬಾಯಿ. ಬ್ರಾಹ್ಮಣರಿಗೆಂದು ತೆರೆದಿಟ್ಟ ಬಾಗಿಲಲ್ಲಿ ಅವಳು, ಅವಳ ಹಿಂದೆ ಸೊಸೈಟಿಯ ಚೇರಮನ್ನರು ಕೈಯಲ್ಲಿ ಹಾರ ಹಿಡಿದು, ಅವರ ಹಿಂದೆ ಇಡೀ ಕಟ್ಟಡ. ಟಿವಿಯಲ್ಲಿ ಕಂಡದ್ದೇ ಇಲ್ಲಿ ಗೋಡೆಗೆ ಆತು ಕೂತಿತ್ತು. ಚೇರಮನ್ನರು ನಿಯಮದ ಮನುಷ್ಯರು. ಮೆಟ್ಟಿಲ ತಿರುವಿನ ಅಗಲವನ್ನು ಕಣ್ಣಳತೆಯಲ್ಲೇ ನೋಡಿ, ಲಿಫ್ಟಿನಲ್ಲಿ ಒಯ್ಯಲು ಪರವಾನಗಿ ಇಲ್ಲ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು.

ಪೂರ್ವಾಬಾಯಿ ಅಳುತ್ತ ನೇರ ಅಡಿಗೆಮನೆಯ ಬಾಗಿಲಿಗೆ ಹೋದಳು. ಒಳಗೆ ನರ್ಮದಾಬಾಯಿ ಪಾಯಸ ತಿರುವುತ್ತಿದ್ದರು.

“ಕಾಕೂ, ಹೇ ಏನ್ ಆಗಿ ಹೋತ್ರಿ,” ಎಂದು ತಬ್ಬಿಕೊಳ್ಳಲು ಹೋದಳು.

“ಮುಟ್ಟಬ್ಯಾಡವಾ, ಮಡಿ ಅದ. ಹಿಂದಕ ಸರಿ,” ಎಂದು ನರ್ಮದಾಬಾಯಿ ಸೌಟು ಅಡ್ಡ ಹಿಡಿದರು.

“ಕಾಕೂ, ಕಾಕಾ...”

“ಅವರು ಕೂತಾರ ಅಲ್ಲೆ. ಎಬ್ಬಸಬ್ಯಾಡ. ಎಲ್ಲಾ ಮುಗಿಯೂತನಕ ಏಳಾಂಗಿಲ್ಲ ಅವರು. ಪಾಯಸ ತಳಾ ಹತ್ತಿದ್ರ ಆಚಾರ್ಯರು ನನಗ ಬೈತಾರ.”

ಪೂರ್ವಾಬಾಯಿ ಗರಬಡಿದವಳ ಹಾಗೆ ನಿಂತಳು. ಗಂಡ ಹೊರಗೆ ಹಾಗೆ ಕೂತಿದ್ದಾನೆ, ಹೆಂಡತಿ ಒಳಗೆ ಪಾಯಸಕ್ಕೆ ಏಲಕ್ಕಿ ಹಾಕುತ್ತಿದ್ದಾಳೆ. ಆಘಾತಕ್ಕೆ ತಲೆ ಕೆಟ್ಟಿದೆ ಎಂದು ಅವಳು ಹಿಂದಿದ್ದವರಿಗೆ ಸನ್ನೆ ಮಾಡಿದಳು. ಹೆಂಗಸರೆಲ್ಲ ಒಟ್ಟಿಗೆ ಗಟ್ಟಿಯಾಗಿ ಅಳತೊಡಗಿದರು.

ಕಣ್ಣು ಮುಚ್ಚಿದ್ದ ಬಿಂದುಮಾಧವರಿಗೆ ಆ ಅಳು ಕೇಳಿಸಿತು. ಏನೇ ಆಗಲಿ ಕಣ್ಣು ತೆಗೆಯಬಾರದೆಂದು ಆಚಾರ್ಯರು ಕಟ್ಟುನಿಟ್ಟಾಗಿ ಹೇಳಿದ್ದರಲ್ಲ. ಇದು ಕಂಪ್ಯೂಟರಿನಿಂದ, ಬೆಳಗಾವಿಯಿಂದ ಬರುತ್ತಿರುವ ಅಳು ಎಂದು ಅವರು ನಿಶ್ಚಯಿಸಿದರು. ಅವರಿಗೆ ಭಾರೀ ಆಶ್ಚರ್ಯವಾಯಿತು. ಅಪ್ಪ ಹೋಗಿ ಇಷ್ಟು ವರ್ಷವಾದರೂ ಅಣ್ಣನ ಮನೆಯವರು ಹೀಗೆ ಎದೆಯೊಡೆದು ಅಳುತ್ತಿದ್ದಾರಲ್ಲ, ಅತ್ತಿಗೆಯ ಮೇಲೆ ತಾನು ಸುಮ್ಮನೆ ತಪ್ಪು ತಿಳಿದಿದ್ದೆನಲ್ಲ ಎಂದು ಮನಸ್ಸಿನಲ್ಲೇ ಅತ್ತಿಗೆಗೆ ಕೈಮುಗಿದರು. ಮುಚ್ಚಿದ ಕಣ್ಣಿನಿಂದ ಒಂದು ಹನಿ ಕೆನ್ನೆಗೆ ಇಳಿಯಿತು.

ಸರಿಯಾಗಿ ಆ ಹೊತ್ತಿಗೆ ಕಂಪ್ಯೂಟರ್ ಎರಡೂ ನೆಟ್ಟುಗಳನ್ನು ಕೈಬಿಟ್ಟು, ತನ್ನಷ್ಟಕ್ಕೆ ಡೊಂಗಲ್ ಹಿಡಿದು ಎಚ್ಚೆತ್ತಿತು. ಇಡೀ ವರ್ಷದಲ್ಲಿ ಅದು ಬುದ್ಧಿ ಓಡಿಸಿದ ಒಂದೇ ಗಳಿಗೆ ಅದು.

ಬೆಳಗಾವಿಯಲ್ಲಿ ಮಂತ್ರದ ಭರದಲ್ಲಿ ಆಚಾರ್ಯರು ಮರೆತೇಬಿಟ್ಟಿದ್ದ ಫೋನು ತಂಬಿಗೆಗೆ ಆನಿಸಿದಲ್ಲೇ ಬೆಳಗಿತು. ಅಷ್ಟು ಹೊತ್ತೂ ಆಚೆ ನೋಡುತ್ತಿದ್ದ ಋಷಿಕೇಶರಾಯರು, ಅಳು ಕೇಳಿ, ಈಚೆ ತಿರುಗಿದರು. ಪರದೆಯಲ್ಲಿ ತಮ್ಮ ಗೋಡೆಗೆ ಒರಗಿದ್ದ. ಸುತ್ತ ಹೆಂಗಸರು ಅಳುತ್ತಿದ್ದರು. ಒಬ್ಬ ಗೃಹಸ್ಥರು ಬಗ್ಗಿ ತಮ್ಮನ ಕೊರಳಿಗೆ ಹಾರ ಹಾಕಿದರು.

ಆಗಲೇ ಪೂರ್ವಾಬಾಯಿ ಆ ಕಣ್ಣಹನಿಯನ್ನು ನೋಡಿದ್ದು. ಅವಳು ಚೀರಿದ ಚೀರಿಗೆ ಹಿಂದಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಯಾರದೋ ಕಾಲಿಗೆ ಕರೆಂಟಿನ ವೈರು ಸಿಕ್ಕಿತು. ಕಂಪ್ಯೂಟರ್ ಒಮ್ಮೆ ಢಬ್ಬೆಂದು ಹೊಗೆ ಬಿಟ್ಟು ಕಪ್ಪಾಯಿತು.

ಬಿಂದುಮಾಧವರು ಕಣ್ಣು ತೆರೆದರು. ಕೊರಳಲ್ಲಿ ಹಾರ, ಎದುರಿಗೆ ಮೂರು ಮಹಡಿಯ ಜನ. ಸತ್ತು ಬದುಕಿದ ಆ ಮನುಷ್ಯ ಆಡಿದ ಮೊದಲ ಮಾತು, “ಯಾರು ಮುಟ್ಟಿದವರು? ಮಡಿ ಕೆಟ್ಟು ಹೋತು.”

ಚೇರಮನ್ನರು ನಿಂತಲ್ಲೇ ಕುಸಿದು ಕೂತರು. ಮೇಲಿನ ಮಹಡಿಯಿಂದ ಕಿವಿಗೆ ಹೆಡ್‌ಫೋನ್ ಸಮೇತ ಓಡಿ ಬಂದಿದ್ದ ಶ್ರೀನಾಥ್ ಒಬ್ಬನೇ ಹತ್ತಿರ ಹೋಗಿ ಮೂಗಿನ ಹತ್ತಿರ ಕೈ ಹಿಡಿದು ನೋಡಿದ.

“ಅಂಕಲ್, ನೀವು ಓಕೆ ಇದ್ದೀರಾ? ಗ್ರೂಪಲ್ಲಿ ನಿಮಗೆ ರಿಪ್ ಹಾಕ್ಬಿಟ್ಟಿದ್ದಾರೆ. ನಾನೂ ಹಾಕ್ದೆ, ಸಾರಿ.”

ಯಾರು ಯಾರಿಗೆ ಏನು ಹೇಳಿದರು ಎನ್ನುವುದು ತಿಳಿಯಾಗುವಷ್ಟರಲ್ಲಿ ಸಾಕಷ್ಟು ಹೊತ್ತು ಹೋಯಿತು. ಪೂರ್ವಾಬಾಯಿ ಈಗ ಸಂತೋಷಕ್ಕೆ ಅತ್ತಳು. ಚೇರಮನ್ನರು ತಾವು ಹಾಕಿದ ಹಾರವನ್ನು ಬಿಡಿಸಿಕೊಂಡು, ಅದು ಸೊಸೈಟಿಯದು ಎಂದು ಒಯ್ದರು. ಬಿಂದುಮಾಧವರು ಮತ್ತೆ ಸ್ನಾನ ಮಾಡಿ ಒದ್ದೆ ಧೋತರದಲ್ಲಿ ಬಂದರು. ಆಗ ಅವರ ಕಣ್ಣು ಖಾಲಿ ಎಲೆಗಳ ಮೇಲೆ ಬಿತ್ತು.

“ಬ್ರಾಹ್ಮಣರು ಇನ್ನೂ ಬಂದಿಲ್ಲಲ್ಲ.”

ಮಡಿಯನ್ನು ಬದಿಗಿಟ್ಟು ಕಪಾಟಿನಿಂದ ಫೋನು ತೆಗೆದು ಸದಾಶಿವ ಪೇಠಕ್ಕೆ ಹಚ್ಚಿದರು. ಆ ಕಡೆಯವರು ಯಾರು ಎಂದು ಕೇಳಿದರು. ನಾನು ಬಿಂದುಮಾಧವ ಗಲಗಲಿ, ಎಲೆ ಹಾಕಿದೆ, ಊಟಕ್ಕೆ ಬರಬೇಕು ಎಂದು ಇವರು ಮರಾಠಿಯಲ್ಲಿ ವಿನಯದಿಂದ ಹೇಳಿದರು. ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಹೆಂಗಸೊಬ್ಬರ ಧ್ವನಿ, ಅವರು ಮನೆಯಲ್ಲಿ ಊಟ ಮುಗಿಸಿ ಹೊದ್ದುಕೊಂಡು ಮಲಗಿದ್ದಾರೆ, ಜ್ವರ ಬಂದಿದೆ, ಇನ್ನು ಈ ನಂಬರಿನಿಂದ ಮಾಡಬೇಡಿ ಎಂದಿತು.

ಗುಂಡಾಚಾರ್ಯರಿಗೆ ಹಚ್ಚಿದರೆ ಒಂದೇ ಸಮ ಎಂಗೇಜು. ಅಣ್ಣನಿಗೆ ಹಚ್ಚಲು ಸ್ವಾಭಿಮಾನ. ಶ್ರೀನಾಥ್ ತನ್ನ ಫೋನಿನಲ್ಲಿ ಹುಡುಕಿದ. “ಅಂಕಲ್, ಆ್ಯಪಲ್ಲಿ ಪಂಡಿತ್ ಸಿಗ್ತಾರೆ. ಬಟ್ ಸ್ಲಾಟ್ ನಾಳೆ ಬೆಳಿಗ್ಗೆದು.”

“ನಾಳಿ ನಮ್ಮಪ್ಪನ ತಿಥಿ ಇಲ್ಲೋ ಹುಡುಗಾ,” ಎಂದರು ಬಿಂದುಮಾಧವರು.

ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಆಚೆಗೆ ಸರಿಯಿತು. ಹಾಕಿದ ಎಲೆಗಳು ಹಾಗೇ ಬಾಡಿದವು. ಕೆಳಗೆ ಸಮಾಧಾನದ ಸುದ್ದಿ ಇನ್ನೂ ಎಲ್ಲರಿಗೂ ಮುಟ್ಟಿರಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಅಕ್ಕಪಕ್ಕದ ಕಟ್ಟಡಗಳಿಂದ ಮರಾಠಿ ಜನರ ಪದ್ಧತಿಯಂತೆ ಪಿಠಲೆ ಭಾಕರಿಯ, ಅಂದರೆ ನಮ್ಮ ಜುಣಕ ರೊಟ್ಟಿಯ, ಡಬ್ಬಿಗಳು ಒಂದರ ಮೇಲೊಂದು ಬಂದವು. ಒಳಗೆ ಪಾಯಸ, ವಡೆ, ಹೋಳಿಗೆಗಳು ಪಾತ್ರೆ ತುಂಬ ಕೂತಿದ್ದವು. ಮನೆಯ ತುಂಬ ಅನ್ನ. ಉಣ್ಣಬೇಕಾದವನು ಉಣ್ಣಲಿಲ್ಲ, ಆದ್ದರಿಂದ ಗಂಡಹೆಂಡತಿಯೂ ಬೆಳಗಿನಿಂದ ನೀರು ಕುಡಿದಿರಲಿಲ್ಲ.

“ಅಣ್ಣ ಹೇಳಿದ್ದ ಖರೆ ಆತಲ್ಲ,” ಎಂದರು ಬಿಂದುಮಾಧವರು, ಬಾಡಿದ ಎಲೆಯ ಮುಂದೆ ಕೂತು. “ನನ್ನ ನಂಬಿ ಕೂತ ಅಪ್ಪ ಉಪವಾಸ ಹೋದ.”

“ಬೆಳಗಾವ್ಯಾಗರೆ ಉಂಡಿರ್ತಾರಲ್ಲ, ಬಿಡ್ರಿ,” ಎಂದರು ನರ್ಮದಾಬಾಯಿ. ಅವರಿಗೂ ಅಳು ಬಂದಿತ್ತು, ಆದರೆ ಅವತ್ತು ಆ ಮನೆಯಲ್ಲಿ ಬೇಕಾದಷ್ಟು ಅಳು ಆಗಿತ್ತು.

“ಹೌದು, ಅಲ್ಲೆ ಉಂಡಿರ್ತಾನ. ಅಣ್ಣ ಹೊತ್ತು ತಪ್ಪಸಾಂವಲ್ಲ.” ಅಷ್ಟು ಹೇಳಿ ಬಿಂದುಮಾಧವರು ಸ್ವಲ್ಪ ಸಮಾಧಾನ ಮಾಡಿಕೊಂಡರು.

ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಕೆಳಗೆ ಒಂದು ಕಾರು ನಿಂತಿತು. ಮೆಟ್ಟಿಲ ಮೇಲೆ ಯಾರೋ ಬರಿಗಾಲಲ್ಲಿ ಓಡಿ ಬರುವ ಸದ್ದು. ಬಾಗಿಲಲ್ಲಿ ಋಷಿಕೇಶರಾಯರು ನಿಂತಿದ್ದರು. ಅಂಗಿ ಇಲ್ಲ, ಚಪ್ಪಲಿ ಇಲ್ಲ, ಕೈಯಲ್ಲಿ ಫೋನೂ ಇಲ್ಲ. ತಮ್ಮ ಸತ್ತನೆಂದು ಮೈಮೇಲಿನ ಬಟ್ಟೆ ಸಮೇತ ತಲೆಗೆ ನೀರು ಸುರಿದುಕೊಂಡು ಹೊರಟವರ ಧೋತರ ದಾರಿಯಲ್ಲಿ ಮೈಮೇಲೆಯೇ ಒಣಗಿತ್ತು. ಅತ್ತು ಅತ್ತು ಮುಖ ಊದಿತ್ತು. ಎದುರಿಗೆ ತಮ್ಮ ನಿಂತದ್ದನ್ನು ಕಂಡು ಬೆಳಗಾವಿಯ ಆ ದೊಡ್ಡ ವಕೀಲರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಅಣ್ಣನನ್ನು ಕಂಡು ಬಿಂದುಮಾಧವರು ಎರಡು ಹೆಜ್ಜೆ ಮುಂದೆ ಬಂದರು. ಅವರ ತಲೆಯಲ್ಲಿ ಬೆಳಗಿನಿಂದ ಇದ್ದದ್ದು ಒಂದೇ ವಿಷಯ, ಅದೇ ಬಾಯಿಗೆ ಬಂತು.

“ಅಣ್ಣಾ, ನಿಂದು ಮುಗೀತೇನು? ಅಪ್ಪ ಉಂಡನೇನು ಅಲ್ಲೆ?”

ಋಷಿಕೇಶರಾಯರು ಮುಂದೆ ಬಂದವರೇ ತಮ್ಮನ ಕೆನ್ನೆಗೆ ಒಂದು ಬಾರಿಸಿದರು. ಕೈಗೆ ಬೆಚ್ಚಗಿನ ಕೆನ್ನೆ ಹತ್ತಿದ್ದರಿಂದ ಭರವಸೆ ಬಂದು, ಅದೇ ಕೈಯಿಂದ ಅವನ ತೋಳು ಹಿಡಿದರು.

“ಎಲಿ ಹಾಕಿತ್ತು. ಅನ್ನ ಬಡಿಸಿತ್ತು. ನೀರು ಬಿಡೂದೊಂದ ಉಳದಿತ್ತು. ಆಚಾರ್ಯರು ಅಂದ್ರು, ಶುರು ಮಾಡಿದ ಮ್ಯಾಲೆ ಸೂತಕ ಇಲ್ಲ, ಮುಗಿಸೇ ಹೋಗ್ರಿ, ಶಾಸ್ತ್ರದಾಗ ಅದ ಅಂತ. ಎದ್ದು ಬಂದೆ.”

“ಎದ್ದು ಬಂದಿ? ಅಪ್ಪನ ಎಲಿಮುಂದಿಂದ?”

“ತಮ್ಮ ಸತ್ತಾನ ಅಂತ ಕಣ್ಣಿಲೆ ನೋಡೀನಿ. ನಾ ಕೂತು ಅಪ್ಪಗ ವಡಿ ಬಡಸ್ಲೇನು? ಬೈಲಿ ಬೇಕಾರ ಅಪ್ಪ. ಅವನೂ ಎದ್ದ ಬರ್ತಿದ್ದ.”

ಬಿಂದುಮಾಧವರು ಅಲ್ಲೇ ನೆಲಕ್ಕೆ ಕೂತರು. ಅಪ್ಪ ಎರಡೂ ಮನೆಯಲ್ಲಿ ಹಸಿದು ಹೋಗಿದ್ದ. ಜನ್ಮದಲ್ಲಿ ಹೊತ್ತು ತಪ್ಪಿಸದ ಅಣ್ಣ ತಪ್ಪಿಸಿದ್ದ, ಅದೂ ತನ್ನ ಸಲುವಾಗಿ. ಅವರಿಗೆ ದುಃಖವಾಯಿತು, ನಾಚಿಕೆಯಾಯಿತು, ಅದರ ಅಡಿಯಲ್ಲಿ ಹೇಳಿಕೊಳ್ಳಲಾಗದಷ್ಟು ಸಂತೋಷವೂ ಆಯಿತು.

ನರ್ಮದಾಬಾಯಿ ಗುಂಡಾಚಾರ್ಯರಿಗೆ ಫೋನು ಹಚ್ಚಿದಾಗ ಈ ಸಲ ಹತ್ತಿತು. ಅಷ್ಟು ಹೊತ್ತೂ ಎಂಗೇಜು ಬರುತ್ತಿದ್ದದ್ದು ಅವರು ಊರೂರಿಗೆ ಸುದ್ದಿ ಮುಟ್ಟಿಸುತ್ತಿದ್ದುದರಿಂದ. ಬಿಂದುಮಾಧವರು ಬದುಕಿದ್ದಾರೆಂದು ಕೇಳಿ ಅವರು ಸುದ್ದಿ ಮುಟ್ಟಿಸಿದವರನ್ನೆಲ್ಲ ಎಣಿಸತೊಡಗಿದರು.

“ಹುಬ್ಬಳ್ಳಿಯವರು ಬಸ್ಸು ಹತ್ಯಾರಲ್ಲರೀ,” ಎಂದರು. “ಬಾಗಲಕೋಟಿಯವರು ಕೊಲ್ಹಾಪುರ ದಾಟ್ಯಾರ. ಅವರಿಗೆ ಏನ್ ಹೇಳ್ಲಿ ಈಗ?”

“ಇಲ್ಲೆ ಪಾಯಸ ಅದ, ಪಿಠಲೆ ಅದ. ಬರ್ಲಿ,” ಎಂದರು ನರ್ಮದಾಬಾಯಿ. “ಅಪ್ಪಂದು ಹ್ಯಾಂಗರೀ ಆಚಾರ್ಯರ? ಎರಡೂ ಕಡೆ ಬಿಟ್ಟು ಹೋತಲ್ಲ.”

ಆಚಾರ್ಯರು ಗಂಟಲು ಸರಿಮಾಡಿಕೊಂಡರು. ತಪ್ಪಿದ ಶ್ರಾದ್ಧವನ್ನು ಬರುವ ಅಮಾವಾಸ್ಯೆಗೆ ಮಾಡಬಹುದು, ಶಾಸ್ತ್ರ ಒಪ್ಪುತ್ತದೆ. “ಆದರ ಇಬ್ಬರೂ ಒಂದ ಕಡೆ ಕೂಡ್ರಿ. ಎರಡು ಕಡೆ ಮಂತ್ರ ಹೇಳೂದು ನನ್ನ ಕೈಲೆ ಆಗೂದಿಲ್ಲ. ಇವತ್ತ ನನಗ ಬಿಪಿ ಏರೇದ.”

ಬೆಳಗಾವಿಯೋ ಪುಣೆಯೋ ಎಂಬ ಪ್ರಶ್ನೆ ಯಾರೂ ಎತ್ತಲಿಲ್ಲ. ಅಣ್ಣತಮ್ಮಂದಿರು ಬಾಡಿದ ಎಲೆಗಳ ಎದುರು ಒಬ್ಬರ ಪಕ್ಕ ಒಬ್ಬರು ಕೂತಿದ್ದರು. ಇಬ್ಬರೂ ಹಸಿದಿದ್ದರು. ಋಷಿಕೇಶರಾಯರು ತಮ್ಮನ ತೋಳು ಹಿಡಿದ ಕೈ ಇನ್ನೂ ಸಡಿಲಿಸಿರಲಿಲ್ಲ.

“ಕೈ ಬಿಡೋ ಅಣ್ಣಾ, ನೋಯಾಕ ಹತ್ಯದ.”

“ಬಿಡಾಂಗಿಲ್ಲ.”

“ಎಲ್ಲೂ ಹೋಗೂದಿಲ್ಲ ನಾ.”

“ಗೊತ್ತದ. ಆದರ ಬಿಟ್ಟಕೂಡ್ಲೆ ನೀ ಮತ್ತ ಫೋನಿನಾಗ ಕಂಡಂಗ ನಿಂತಬಿಡ್ತಿ,” ಎಂದರು ಋಷಿಕೇಶರಾಯರು. ತಮ್ಮನ ಕಣ್ಣೆವೆ ಬಡಿಯುವುದನ್ನು ನೋಡುತ್ತ ಹಾಗೇ ಕೂತರು.